ಭಯವೂ ಮಿತವ್ಯಯವೂ

ನಮ್ಮಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ ಈಗ ಕಾಲೇಜು ಸೇರಿರುವ ಹಳೆಯ ಶಿಷ್ಯನೊಬ್ಬನು ಕಳೆದ ಬೇಸಗೆಯ ರಜೆಯಲ್ಲಿ ನೂರು ಪುಟದ ನೋಟುಪುಸ್ತಕವೊಂದನ್ನು ತಂದು ನಮ್ಮ ಮುಂದಿಟ್ಟನು. ಕಾಗುಣಿತವನ್ನು ತಿದ್ದಿಕೊಡಬೇಕೆಂಬುದಷ್ಟೇ ಅವನ ಕೋರಿಕೆ. ತೆರೆದು ನೋಡಿದರೆ ಅದು ಕವಿತೆಯೂ ಅಲ್ಲ, ಕತೆಯೂ ಅಲ್ಲ; ‘ರೆಸಿಡೆಂಟ್ ಈವಿಲ್’ ಎಂಬ ವೀಡಿಯೋ ಆಟದಲ್ಲಿ ಸಾಯದೆ ಉಳಿಯುವ ಉಪಾಯಗಳನ್ನು ಕನ್ನಡದಲ್ಲಿ ವಿವರಿಸುವ ಕೈಪಿಡಿ. ಇಂತಹುದಕ್ಕೆ ನಮ್ಮ ಕೆಂಪು ಶಾಯಿ ಏತಕ್ಕೆ ಎಂದು ಮೊದಲು ಅನಿಸಿತು. ಆದರೆ ಮೂರನೆಯ ಪುಟದ ಒಂದು ವಾಕ್ಯ ನಮ್ಮನ್ನು ತಡೆದು ನಿಲ್ಲಿಸಿತು. “ಕಂಡ ಶವವನ್ನೆಲ್ಲ ಹೊಡೆಯಬಾರದು, ಯಾವ ದಾರಿಯಲ್ಲಿ ಮತ್ತೆ ಮತ್ತೆ ನಡೆಯಬೇಕಾಗುವುದೋ ಆ ದಾರಿಯದನ್ನು ಮಾತ್ರ ಹೊಡೆಯಬೇಕು” ಎಂದು ಅವನು ಬರೆದಿದ್ದನು. ಇದು ಆಟದ ಹುಚ್ಚು ಹಿಡಿದವನ ಮಾತಲ್ಲ, ಒಂದು ಕೃತಿಯ ಕಟ್ಟಡವನ್ನು ಬಲ್ಲವನ ಮಾತು ಎಂದು ನಮಗೆ ತೋರಿತು. ಅನಂತರ ಆರೇಳು ಸಂಜೆ ಅವನ ಮನೆಯಲ್ಲಿ ಕುಳಿತು ಆಟವನ್ನು ನೋಡಿದೆವು. ಕೊನೆಗೆ ನಾಚಿಕೆ ಬಿಟ್ಟು ಹಿಡಿಕೆಯನ್ನು ನಾವೇ ಕೈಗೆ ತೆಗೆದುಕೊಂಡೆವು.

ಮೊದಲು ಕೃತಿಯ ಪರಿಚಯವನ್ನು ಮಾಡಿಕೊಳ್ಳೋಣ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಪ್ಲೇಸ್ಟೇಷನ್ ಯಂತ್ರಕ್ಕಾಗಿ 1996ರ ಮಾರ್ಚ್ ತಿಂಗಳಲ್ಲಿ ಇದನ್ನು ಹೊರತಂದಿತು. ತಾಯ್ನಾಡಿನಲ್ಲಿ ಇದರ ಹೆಸರು ‘ಬಯೋಹಜಾರ್ಡ್’. ನಿರ್ದೇಶಕರು ಶಿಂಜಿ ಮಿಕಾಮಿ. ನಿರ್ಮಾಪಕರಾದ ತೊಕುರೊ ಫುಜಿವಾರ ಅವರು 1989ರಲ್ಲಿಯೇ ‘ಸ್ವೀಟ್ ಹೋಮ್’ ಎಂಬ ಭೂತದ ಬಂಗಲೆಯ ಆಟವನ್ನು ನಿರ್ದೇಶಿಸಿದ್ದರು. ಚೀಲದ ಇಕ್ಕಟ್ಟು, ಬಾಗಿಲು ತೆರೆಯುವ ದೃಶ್ಯ, ಅಲ್ಲಲ್ಲಿ ಸಿಕ್ಕುವ ಬರಹಗಳಿಂದ ಹಿಂದಿನ ಕತೆ ತಿಳಿಯುವುದು, ಇವೆಲ್ಲ ಅಲ್ಲಿಂದ ಬಂದ ಪಿತ್ರಾರ್ಜಿತ. ಕದಲದೆ ಒಂದೆಡೆ ನಿಂತು ನೋಡುವ ಕ್ಯಾಮೆರಾವನ್ನು 1992ರ ಫ್ರೆಂಚ್ ಆಟ ‘ಅಲೋನ್ ಇನ್ ದ ಡಾರ್ಕ್’ ಮೊದಲೇ ತೋರಿಸಿಕೊಟ್ಟಿತ್ತು. ಕತೆ ಸರಳ. ಅಮೆರಿಕದ ರಕೂನ್ ಸಿಟಿ ಎಂಬ ಕಲ್ಪಿತ ನಗರದ ಹೊರಗಣ ಕಾಡಿನಲ್ಲಿ, 1998ರ ಜುಲೈ ತಿಂಗಳ ಒಂದು ರಾತ್ರಿ, ವಿಶೇಷ ಪೋಲೀಸ್ ದಳದ ಕೆಲವರು ನಾಯಿಗಳಿಂದ ತಪ್ಪಿಸಿಕೊಂಡು ಒಂದು ಹಳೆಯ ಬಂಗಲೆಯನ್ನು ಹೊಗುತ್ತಾರೆ. ಔಷಧ ಕಂಪೆನಿಯೊಂದರ ಗುಪ್ತ ಪ್ರಯೋಗದಿಂದ ಹಬ್ಬಿದ ರೋಗ ಅಲ್ಲಿಯವರನ್ನೆಲ್ಲ ಜೀವಚ್ಛವಗಳನ್ನಾಗಿ ಮಾಡಿದೆ. ಆಟಗಾರನು ಕ್ರಿಸ್ ರೆಡ್‌ಫೀಲ್ಡ್ ಎಂಬ ಗಂಡಸಾಗಿಯೋ ಜಿಲ್ ವ್ಯಾಲೆಂಟೈನ್ ಎಂಬ ಹೆಂಗಸಾಗಿಯೋ ಬೆಳಗಿನವರೆಗೆ ಬದುಕಿ ಉಳಿಯಬೇಕು. ಈ ಜಾತಿಯ ಆಟಗಳಿಗೆ ‘ಸರ್ವೈವಲ್ ಹಾರರ್’ ಎಂಬ ಹೆಸರು ರೂಢವಾದುದು ಇದರಿಂದಲೇ. ರಕ್ತಪಾತದ ಚಿತ್ರಗಳು ತುಂಬಿರುವುದರಿಂದ ಅಮೆರಿಕದಲ್ಲಿ ಇದನ್ನು 17 ವರ್ಷ ತುಂಬಿದವರಿಗೆ ಮಾತ್ರ ತಕ್ಕುದೆಂದು ನಿಗದಿ ಮಾಡಿದ್ದಾರೆ. ನಮ್ಮ ಶಾಲೆಯ ಚಿಕ್ಕ ಮಕ್ಕಳ ಕೈಗೆ ಇದು ಬೀಳಬಾರದೆಂಬುದು ನಮ್ಮ ಅಭಿಪ್ರಾಯವೂ ಆಗಿದೆ. ಆದರೆ ದೊಡ್ಡವರ ಕೈಯಲ್ಲಿರುವ ಕೃತಿಯನ್ನು ವಿಮರ್ಶಿಸದೆ ಬಿಡಲು ಅದು ಕಾರಣವಾಗದು.

ನಮ್ಮ ಲಾಕ್ಷಣಿಕರು ಭಯಾನಕಕ್ಕೆ ರಸದ ಪದವಿಯನ್ನು ಕೊಟ್ಟರು. ಆದರೆ ಮರ್ಯಾದೆಯನ್ನು ಅಷ್ಟಾಗಿ ಕೊಡಲಿಲ್ಲ. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಈ ರಸಕ್ಕೆ ಹೇಳಿದ ಆಶ್ರಯ ಸ್ತ್ರೀಯರು ಮತ್ತು ನೀಚ ಪ್ರಕೃತಿಯವರು. ಧೀರನಾದ ನಾಯಕನು ಹೆದರತಕ್ಕವನಲ್ಲ. ನಮ್ಮ ಜನಕ್ಕೆ ಹೆದರಿ ಓಡಿದವನೆಂದರೆ ಉತ್ತರಕುಮಾರ, ಅವನನ್ನು ಕಂಡು ನಗುವುದೇ ವಾಡಿಕೆ. ಈ ಆಟವು ಮೊದಲ ಹತ್ತು ನಿಮಿಷಗಳಲ್ಲಿಯೇ ಆ ವಾಡಿಕೆಯನ್ನು ತಲೆಕೆಳಗು ಮಾಡುತ್ತದೆ. ಊಟದ ಕೋಣೆಯನ್ನು ದಾಟಿದ ಓಣಿಯ ಕೊನೆಯಲ್ಲಿ ಮಂಡಿಯೂರಿ ಕುಳಿತಿರುವ ಆಕೃತಿಯೊಂದು ಮೆಲ್ಲಗೆ ತಲೆ ತಿರುಗಿಸಿ ನೋಡುತ್ತದೆ. ನಾವು ಜಿಲ್ ಆಗಿ ಆಡುತ್ತಿದ್ದೆವು. ಪಿಸ್ತೂಲಿನಲ್ಲಿ 15 ಗುಂಡುಗಳಿದ್ದವು. ಗಾಬರಿಯಿಂದ ಒಂದೇ ಸಮನೆ ಹಾರಿಸಿದೆವು, ಅದು ಬಿದ್ದಿತು, ನಮಗೆ ಹೆಮ್ಮೆಯೂ ಆಯಿತು. ಶಿಷ್ಯನು ನಕ್ಕು, “ಓಡಿಹೋಗಬೇಕಿತ್ತು ಮಾಸ್ಟ್ರೇ” ಎಂದನು. ಊಟದ ಕೋಣೆಗೆ ಓಡಿ ಬಂದರೆ ಅಲ್ಲಿರುವ ಸಂಗಾತಿ ಬ್ಯಾರಿ ತನ್ನ ದೊಡ್ಡ ಪಿಸ್ತೂಲಿನಿಂದ ಆ ಶವವನ್ನು ತಾನೇ ಕೆಡವುತ್ತಾನೆ. ನಮ್ಮದು ಒಂದು ಗುಂಡೂ ಖರ್ಚಾಗುವುದಿಲ್ಲ. ಮೊದಲನೆಯ ಪಾಠವೇ ಪಲಾಯನ, ಅದಕ್ಕೆ ಬಹುಮಾನವೂ ಉಂಟು. ನಾವು ಉಳಿಸದ ಆ ಗುಂಡುಗಳಿಗಾಗಿ ಅರ್ಧ ಗಂಟೆಯ ಮೇಲೆ ಒಂದು ಮೆಟ್ಟಿಲ ಬಳಿ ಪ್ರಾಣ ತೆತ್ತೆವು.

ಇಲ್ಲಿಗೆ ನಮ್ಮ ಮುಖ್ಯ ಮಾತು ಬಂದಿತು. ಈ ಕೃತಿಯ ಭಯ ವಿಕಾರ ರೂಪಗಳಿಂದ ಹುಟ್ಟಿದುದಲ್ಲ, ಕೊರತೆಯಿಂದ ಹುಟ್ಟಿದುದು. ಬದುಕುವ ಉಪಾಯವೆಂದರೆ ಆ ಕೊರತೆಯೊಡನೆ ಲೆಕ್ಕಾಚಾರ. ಆ ಲೆಕ್ಕಾಚಾರವೇ ಇಲ್ಲಿ ರಸಾಸ್ವಾದದ ಮಾರ್ಗ. ಕ್ರಿಸ್‌ನ ಚೀಲಕ್ಕೆ ಆರೇ ಮನೆಗಳು, ಜಿಲ್‌ಳದಕ್ಕೆ ಎಂಟು. ಪಿಸ್ತೂಲಿಗೆ ಒಂದು ಮನೆ, ಗುಂಡಿಗೆ ಒಂದು, ಗಾಯ ಮಾಯುವ ಹಸುರು ಗಿಡಕ್ಕೆ ಒಂದು. ಬೀಗದ ಕೈ ಸಿಕ್ಕರೆ ಅದಕ್ಕೂ ಒಂದು. ಚೆನ್ನೆಮಣೆಯ ಮುಂದೆ ಕುಳಿತವನಂತೆ ಯಾವ ಮನೆಯನ್ನು ಬರಿದು ಮಾಡಲಿ ಎಂದು ಯೋಚಿಸುತ್ತಿರುವಾಗ ಪಕ್ಕದ ಕೋಣೆಯಲ್ಲಿ ಕಾಲೆಳೆಯುವ ಸಪ್ಪಳ ಕೇಳಿಸುತ್ತದೆ. ಗೋಡೆಯ ಮೇಲೊಂದು ಚರೆಕೋವಿ ಇದೆ. ತೆಗೆದುಕೊಂಡು ಹೊರಟರೆ ಮುಂದಿನ ಕೋಣೆಯ ಮಾಳಿಗೆ ಕೆಳಗಿಳಿದು ಅರೆಯುತ್ತದೆ. ಮುರಿದ ಕೋವಿಯೊಂದನ್ನು ಬೇರೆಡೆಯಿಂದ ಹೊತ್ತು ತಂದು ಅದರ ಜಾಗದಲ್ಲಿಟ್ಟರೆ ಬಿಡುಗಡೆ. ಒಳ್ಳೆಯದನ್ನು ಪಡೆಯಲು ಕೆಲಸಕ್ಕೆ ಬಾರದುದನ್ನು ಹೊರಬೇಕು, ಅದಕ್ಕೂ ಚೀಲದಲ್ಲಿ ಒಂದು ಮನೆ ಬಿಟ್ಟುಕೊಡಬೇಕು. ಗೃಹಕೃತ್ಯ ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಆ ಚರೆಕೋವಿಯ ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ. ದೂರದಿಂದ ಹೊಡೆದರೆ ಶವವೊಂದಕ್ಕೆ ಹಲವು ತೋಟಾ ಬೇಕು. ಅದು ತೀರ ಹತ್ತಿರಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರಕ್ಕೆ ಬರುವವರೆಗೆ ತಾಳಿ, ಕೋವಿಯ ಬಾಯನ್ನು ಮೇಲಕ್ಕೆತ್ತಿ ಹೊಡೆದರೆ ತಲೆ ಹಾರಿಹೋಗಿ ಒಂದೇ ತೋಟಾದಲ್ಲಿ ಕೆಲಸ ಮುಗಿಯುತ್ತದೆ. ಅರ್ಥಾತ್, ಮಿತವ್ಯಯ ಮಾಡಬೇಕಾದರೆ ಭಯವನ್ನು ಹತ್ತಿರಕ್ಕೆ ಕರೆದುಕೊಳ್ಳಬೇಕು. ಉಳಿತಾಯವಾದ ತೋಟಾದ ಬೆಲೆಯನ್ನು ಎದೆಯ ಬಡಿತದಲ್ಲಿ ತೆರಬೇಕು. ಗೆಲ್ಲುವ ಯುಕ್ತಿಯನ್ನೂ ರಸವನ್ನೂ ಹೀಗೆ ಒಂದೇ ಗಂಟಿನಲ್ಲಿ ಕಟ್ಟಿದ ಕೈ ಸಾಮಾನ್ಯವಾದುದಲ್ಲ. ವಿಶಾಲವಾದ ಕೋಣೆಯಲ್ಲಾದರೆ ಗುಂಡೇ ಬೇಡ. ಶವವನ್ನು ಒಂದು ಬದಿಗೆ ಸೆಳೆದು ಇನ್ನೊಂದು ಬದಿಯಿಂದ ನುಸುಳಬಹುದು. ಇಕ್ಕಟ್ಟಾದ ಓಣಿಯಲ್ಲಿ, ಅದೂ ದಿನಕ್ಕೆ ಹತ್ತು ಸಲ ತಿರುಗಾಡುವ ಓಣಿಯಲ್ಲಿ ಮಾತ್ರ ಗುಂಡಿನ ಖರ್ಚು ಸಾರ್ಥಕ. ಶಿಷ್ಯನ ವಾಕ್ಯದ ತಾತ್ಪರ್ಯ ಇದೇ.

ಕ್ಯಾಮೆರಾ ಮೂಲೆಯಲ್ಲಿ ನಿಂತುಬಿಟ್ಟಿರುವುದರಿಂದ ಓಣಿಯ ತಿರುವಿನಾಚೆ ಏನಿದೆಯೆಂದು ನಾಯಕನಿಗೆ ಕಾಣಬಹುದಾದರೂ ನಮಗೆ ಕಾಣದು. ಆದುದರಿಂದ ಇಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ತಿರುವಿನಲ್ಲಿ ನಿಂತು ಹೆಜ್ಜೆಯ ಸದ್ದನ್ನು ಆಲಿಸಿ ಮುಂದುವರಿಯುವುದು ಬಲ್ಲವರ ಕ್ರಮ. ಬಾಗಿಲು ತೆರೆದಾಗಲೆಲ್ಲ ಕತ್ತಲೆಯ ನಡುವೆ ಬಾಗಿಲೊಂದು ಮೆಲ್ಲನೆ ತೆರೆಯುವ ದೃಶ್ಯ ಬರುತ್ತದೆ. ಮುಂದಿನ ಕೋಣೆಯ ಚಿತ್ರವನ್ನು ಯಂತ್ರವು ತಟ್ಟೆಯಿಂದ ಓದಿಕೊಳ್ಳಲು ಬೇಕಾದ ಹೊತ್ತನ್ನು ಮರೆಸುವುದಕ್ಕಾಗಿ ಮಾಡಿದ ಏರ್ಪಾಡು ಅದು. ಯಂತ್ರದ ಬಡತನವೇ ಅಲಂಕಾರವಾಯಿತು. ಮೊದಲು ಹೇಳಿದ ಬ್ಯಾರಿಯ ಪ್ರಸಂಗದಂತಹ ಒಂದೆರಡನ್ನು ಬಿಟ್ಟರೆ ಒಂದು ಕೋಣೆಯ ಶವ ಇನ್ನೊಂದು ಕೋಣೆಗೆ ಬೆನ್ನಟ್ಟಿ ಬರುವುದಿಲ್ಲ. ಹಾಗಾಗಿ ಬಾಗಿಲು ಭಯಸ್ಥಾನವೂ ಹೌದು, ಅಭಯಸ್ಥಾನವೂ ಹೌದು.

ಟೈಪ್‌ರೈಟರಿನ ವಿಷಯವನ್ನು ಬಿಡುವಂತಿಲ್ಲ. ಆಟವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಬೇಕಾದರೆ ಕೆಲವೇ ಕೋಣೆಗಳಲ್ಲಿರುವ ಟೈಪ್‌ರೈಟರಿನ ಬಳಿಗೆ ಹೋಗಿ ದಾಖಲೆ ಮಾಡಿಕೊಳ್ಳಬೇಕು. ಪ್ರತಿ ದಾಖಲೆಗೂ ಒಂದು ಶಾಯಿಯ ರಿಬ್ಬನ್ ಖರ್ಚು. ರಿಬ್ಬನ್ನುಗಳೂ ಎಣಿಕೆಯವು. (ಸ್ಟೆನ್ಸಿಲ್ ಕೊರೆಯುವಾಗ ರಿಬ್ಬನ್ನನ್ನು ಬದಿಗೆ ಸರಿಸಿ ಬರಿಯ ಅಚ್ಚಿನಿಂದ ಹೊಡೆಯುವ ನಮ್ಮಂಥವರಿಗೆ ರಿಬ್ಬನ್ ಇಲ್ಲದೆಯೂ ಬರೆಯಬಹುದೆಂದು ಗೊತ್ತು, ಆಟ ಅದನ್ನು ಒಪ್ಪುವುದಿಲ್ಲ.) ಹೆದರಿಕೆಯಾದಾಗಲೆಲ್ಲ ದಾಖಲೆ ಮಾಡಿದವನು ರಿಬ್ಬನ್ ಇಲ್ಲದೆ ಕೊನೆಯಲ್ಲಿ ಪರದಾಡುತ್ತಾನೆ, ಜಿಪುಣತನ ಮಾಡಿದವನು ಒಂದು ತಪ್ಪಿಗೆ ಎರಡು ಗಂಟೆಯ ದುಡಿಮೆಯನ್ನು ಕಳೆದುಕೊಳ್ಳುತ್ತಾನೆ. ಮುಖ್ಯವಾದ ಒಂದು ಕೆಲಸ ಮುಗಿದ ಮೇಲೆ, ಅದಕ್ಕೆ ಖರ್ಚಾದ ಗುಂಡು ಹಿತವಾಗಿದ್ದರೆ ಮಾತ್ರ ದಾಖಲೆ ಮಾಡಬೇಕೆಂದು ನೋಟುಪುಸ್ತಕ ಹೇಳುತ್ತದೆ. ರಂಗದ ಮುಂದಿನ ಪ್ರೇಕ್ಷಕನಿಗೆ ನಾಯಕನ ಸಾವಿನಿಂದ ನಷ್ಟವೇನೂ ಇಲ್ಲ. ಇಲ್ಲಿ ಸಹೃದಯನು ತನ್ನ ಹೊತ್ತನ್ನೇ ಪಣಕ್ಕಿಟ್ಟಿರುತ್ತಾನೆ.

ಉಪಾಧ್ಯಾಯರಾದ ನಮಗೆ ಬಹಳ ಹಿಡಿಸಿದುದು ಕಾಗದಪತ್ರಗಳ ಭಾಗ. ಬಂಗಲೆಯ ಪ್ರಾಣಿಪಾಲಕನೊಬ್ಬನ ದಿನಚರಿ ಸಿಕ್ಕುತ್ತದೆ. ಮೊದಲ ದಿನಗಳಲ್ಲಿ ಇಸ್ಪೀಟಾಟದ ಜಗಳ ಮುಂತಾದ ತುಂಬು ವಾಕ್ಯಗಳು; ರೋಗ ಏರಿದಂತೆ ವಾಕ್ಯಗಳು ಗಿಡ್ಡವಾಗುತ್ತವೆ, ವ್ಯಾಕರಣ ಕಳಚುತ್ತದೆ, ಕೊನೆಗೆ ಮೈ ತುರಿಕೆ ಮತ್ತು ರುಚಿಯನ್ನು ಹೇಳುವ ಒಂದೆರಡು ಮಾತುಗಳಷ್ಟೇ ಉಳಿಯುತ್ತವೆ. ಮನುಷ್ಯ ಹೋದುದಕ್ಕೆ ಭಾಷೆ ಹೋದುದೇ ಸಾಕ್ಷಿ. ಆ ಆಟದ ಯಾವ ಕರಾಳ ಚಿತ್ರವೂ ನಮ್ಮನ್ನು ಇಷ್ಟು ನಡುಗಿಸಲಿಲ್ಲ. ಓದಿದವನಿಗೆ ಲಾಭವೂ ಉಂಟು. ಕಟ್ಟಡವೊಂದನ್ನು ಆವರಿಸಿರುವ ಮಹಾವೃಕ್ಷವನ್ನು ನೇರವಾಗಿ ಎದುರಿಸಿದರೆ ತೋಟಾಗಳೆಲ್ಲ ಬರಿದಾಗುತ್ತವೆ. ಅದರ ಕುರಿತಾದ ವರದಿಯನ್ನು ಓದಿದವನು ಮದ್ದಿನ ಕೋಣೆಗೆ ಹೋಗಿ, ಅಂಕೆ ಬರೆದ ಸೀಸೆಗಳನ್ನು ಕೂಡಿಸಿ, ಬೇಕಾದ ಮೊತ್ತದ ದ್ರವವನ್ನು ಮಾಡಿ ಬೇರಿಗೆ ಎರೆದರೆ ಅದರ ಬಲ ಕುಗ್ಗಿಹೋಗುತ್ತದೆ. ಎರಡನೆಯ ತರಗತಿಯ ಸಂಕಲನ ಸಾಕು. ನಾವು ಇಲ್ಲಿ ಶಿಷ್ಯನ ಸಹಾಯ ಕೇಳಲಿಲ್ಲವೆಂದು ಹೇಳಿಕೊಳ್ಳಲು ಸಂತೋಷಪಡುತ್ತೇವೆ.

ಇದನ್ನೇ ಮಿಕಾಮಿಯವರು 2002ರಲ್ಲಿ ಹೊಸದಾಗಿ ಕಟ್ಟಿದರು. ಆ ಆವೃತ್ತಿಯಲ್ಲಿ ಕೊಂದ ಶವವನ್ನು ಸುಡದೆ ಅಥವಾ ತಲೆ ಕೆಡವದೆ ಬಿಟ್ಟರೆ ಸ್ವಲ್ಪ ಕಾಲದ ಮೇಲೆ ಅದು ಕೆಂಪೇರಿ, ಮೊದಲಿಗಿಂತ ವೇಗವಾಗಿ ಎದ್ದು ಬರುತ್ತದೆ. ಸುಡಲು ಸೀಮೆಎಣ್ಣೆ ಬೇಕು. ಬುದ್ದಲಿಯಲ್ಲಿ ಹಿಡಿಯುವುದು ಎರಡು ಶವಗಳಿಗೆ ಸಾಲುವಷ್ಟು ಮಾತ್ರ. ಹೀಗೆ ಪ್ರತಿ ಗುಂಡಿಗೆ ಎರಡನೆಯ ಸಾಲವೊಂದು ಸೇರಿಕೊಂಡಿತು. ಮೂಲವನ್ನು ಮೀರಿಸಿದ ಪರಿಷ್ಕರಣಗಳು ಅಪರೂಪ. ಇದು ಅಂತಹುದೆಂದು ನಮ್ಮ ನಿರ್ಣಯ. ಮೂಲದ ಸಂಭಾಷಣೆಗಳಂತೂ ಮಕ್ಕಳ ವಾರ್ಷಿಕೋತ್ಸವದ ನಾಟಕಕ್ಕಿಂತಲೂ ಕೃತಕವಾಗಿದ್ದವು.

ದೋಷಗಳನ್ನೂ ಹೇಳಬೇಕು. ಕತೆಯ ನಡುವೆ ಬಂಗಲೆಗೆ ಹಿಂತಿರುಗಿದಾಗ ಶವಗಳಿಗಿಂತ ಚುರುಕಾದ, ನೆಗೆದು ತಲೆ ಕೊಯ್ಯುವ ಪ್ರಾಣಿಗಳು ಅದೇ ಪರಿಚಿತ ಓಣಿಗಳಲ್ಲಿ ತುಂಬಿರುತ್ತವೆ. ಉಳಿಸಿದ ತೋಟಾಗಳಿಗೆ ಆಗ ಅರ್ಥ ಬರುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಕೊನೆಯ ಭಾಗದಲ್ಲಿ, ನೆಲದಡಿಯ ಪ್ರಯೋಗಶಾಲೆಯನ್ನು ಸೇರುವ ಹೊತ್ತಿಗೆ, ಲೆಕ್ಕ ಬಲ್ಲ ಆಟಗಾರನ ಪೆಟ್ಟಿಗೆ ತುಂಬಿರುತ್ತದೆ, ಭಯ ಬತ್ತಿರುತ್ತದೆ. ಮೂರು ಗಂಟೆಯೊಳಗೆ ಮುಗಿಸಿದವನಿಗೆ ಮುಂದಿನ ಆಟಕ್ಕೆ ಎಂದೂ ತೀರದ ರಾಕೆಟ್ಟುಗಳ ಆಯುಧವನ್ನು ಬಹುಮಾನವಾಗಿ ಕೊಡುತ್ತಾರೆ. ಕೊರತೆಯ ಮೇಲೆ ಕಟ್ಟಿದ ಕೃತಿ ಕೊನೆಗೆ ಅಕ್ಷಯಪಾತ್ರೆಯನ್ನು ಹಂಚುವುದು ನಮಗೆ ಸೇರಲಿಲ್ಲ. 2005ರ ನಾಲ್ಕನೆಯ ಆಟದಲ್ಲಿ ಸತ್ತ ವೈರಿಗಳೇ ಗುಂಡು, ಹಣಗಳನ್ನು ಉದುರಿಸುತ್ತಾರೆ. ಅಲ್ಲಿ ಮಿತವ್ಯಯ ಹೋಗಿ ವ್ಯಾಪಾರ ಬಂದಿತು. ಅದು ಒಳ್ಳೆಯ ಆಟವಿರಬಹುದು, ಆದರೆ ಈ ರಸದ್ದಲ್ಲ.

ಇನ್ನು ನೋಟುಪುಸ್ತಕದ ವಿಚಾರ. ಅದರ ಉತ್ತರಾರ್ಧದಲ್ಲಿ ಬಂಗಲೆಯ ನಕ್ಷೆ ಇದೆ. ಯಾವ ಕೋಣೆಯಲ್ಲಿ ಯಾವ ಗಿಡ, ಯಾವ ಓಣಿಯ ಕಿಟಕಿ ಒಡೆದು ನಾಯಿ ಒಳಗೆ ಹಾರುತ್ತದೆ ಎಂಬುದೆಲ್ಲ ಗುರುತಾಗಿದೆ. ರೀತಿಯನ್ನು ಹೇಳು, ಸ್ಥಳವನ್ನು ಹೇಳಬೇಡ; ಆ ಪುಟಗಳನ್ನು ಹರಿದುಬಿಡು, ಓದಿದವನಿಗೆ ಉಪಕಾರವಾಗುವುದಿಲ್ಲ, ಅವನ ಭಯವನ್ನು ನೀನು ಕದ್ದಂತಾಗುತ್ತದೆ ಎಂದು ನಾವು ಬುದ್ಧಿ ಹೇಳಿದೆವು. ಅವನು ಒಪ್ಪಲಿಲ್ಲ. ಬಯಲಾಟಕ್ಕೆ ಹೋಗುವವರಿಗೆ ಕತೆ ಮೊದಲೇ ತಿಳಿದಿಲ್ಲವೆ, ಆದರೂ ಬೆಳಗಿನವರೆಗೆ ಕುಳಿತಿರುವುದಿಲ್ಲವೆ ಎಂದು ಕೇಳಿದನು. ನಾವು ಮರುಮಾತಿಗೆ ತಡಕಾಡಿ, ಅಲ್ಲಿ ನೋಡುವವನು ಸಾಯುವುದಿಲ್ಲ ಎಂದೆವು. “ಹಾಗಾದರೆ ನೀವೇ ಹೋಗಿ ನೋಡಿ” ಎಂದು ಹಿಡಿಕೆಯನ್ನು ಕೈಗಿತ್ತನು. ನಾಯಿಗಳ ಓಣಿ, ಎರಡನೆಯ ಸಲ, ಯಾವ ಕಿಟಕಿ ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದರ ಮುಂದೆ ಬರುವಷ್ಟರಲ್ಲಿ ನಮ್ಮ ಹೆಬ್ಬೆರಳು ತಾನಾಗಿ ನಿಂತುಬಿಟ್ಟಿತು. ಅವನು ಏನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಪುಟಗಳನ್ನು ಅವನು ಹರಿಯಲಿಲ್ಲ. ಅಂಚುಗಳಿಗೆ ಗೋಂದು ಸವರಿ ಒಂದಕ್ಕೊಂದು ಅಂಟಿಸಿದ್ದಾನೆ. ಬೇಕಾದವರು ಬ್ಲೇಡಿನಿಂದ ಬಿಡಿಸಿಕೊಳ್ಳಬಹುದು.