ಬೀಗ ಬೇಕಿರುವುದು ಪ್ರಶ್ನೆಗಲ್ಲ

ಇಂಟರ್‌ನೆಟ್ಟಿನ ಪ್ರಶ್ನೋತ್ತರ ತಾಣಗಳನ್ನು ನೋಡಿಕೊಳ್ಳುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಪ್ರಶ್ನೆ ಚಿಕ್ಕದಾಗಿರಬೇಕು, ಇದೇ ಸರಿ ಎಂದು ತೋರಿಸಬಹುದಾದ ಉತ್ತರ ಅದಕ್ಕೆ ಇರಬೇಕು. ವಿಶಾಲವಾದ, ನಾಲ್ಕು ದಿಕ್ಕಿಗೆ ಹರಿಯುವ ಪ್ರಶ್ನೆ ಬಂದರೆ ಕೂಡಲೇ ಮುಚ್ಚಬೇಕು, ಇಲ್ಲದಿದ್ದರೆ ತಾಣ ಹರಟೆಕಟ್ಟೆಯಾಗಿ ಕೆಟ್ಟುಹೋಗುತ್ತದೆ. ಈ ನಂಬಿಕೆಗೆ ಶಾಸನದ ಬಲ ತಂದುಕೊಟ್ಟದ್ದು ಸ್ಟ್ಯಾಕ್ ಓವರ್‌ಫ್ಲೋ. ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 2008ರಲ್ಲಿ ಪ್ರೋಗ್ರಾಮರುಗಳಿಗಾಗಿ ಕಟ್ಟಿದ ಈ ತಾಣದ ಋಣವಿಲ್ಲದ ಸಾಫ್ಟ್‌ವೇರ್ ಎಂಜಿನಿಯರ್ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಅದರ ಉಪಕಾರವನ್ನು ನೆನೆಯುತ್ತಲೇ ಹೇಳುತ್ತೇನೆ: ವಿಶಾಲ ಪ್ರಶ್ನೆಗಳ ವಿಷಯದಲ್ಲಿ ಅದು ಹಿಡಿದ ದಾರಿ ತಪ್ಪು. ಕಾವಲು ಬೇಕೇ ಬೇಕು. ಆದರೆ ಆ ಕಾವಲು ಇರಬೇಕಾದದ್ದು ಉತ್ತರದ ಮೇಲೆ.

ಮುಚ್ಚುವ ಕೆಲಸ ಹೇಗೆ ನಡೆಯುತ್ತದೆ ನೋಡಿ. ಇತರರ ಮೆಚ್ಚುಗೆಯ ವೋಟುಗಳಿಂದ 3,000 ಅಂಕ ಗಳಿಸಿದ ಯಾವ ಸದಸ್ಯರಾದರೂ ಒಂದು ಪ್ರಶ್ನೆಯನ್ನು ಮುಚ್ಚಲು ವೋಟ್ ಹಾಕಬಹುದು. ಮೊದಲು ಇಂಥ ಐದು ವೋಟ್ ಬೇಕಾಗಿತ್ತು, 2019ರಿಂದ ಮೂರೇ ಸಾಕು. ಮುಚ್ಚಿದ ಪ್ರಶ್ನೆಗೆ ಯಾರೂ ಹೊಸ ಉತ್ತರ ಬರೆಯುವಂತಿಲ್ಲ. ಯಾರ ಮೆಚ್ಚುಗೆಯೂ ಇಲ್ಲದೆ, ಒಳ್ಳೆಯ ಉತ್ತರವೂ ಇಲ್ಲದೆ ಒಂಬತ್ತು ದಿನ ಹಾಗೇ ಬಿದ್ದಿದ್ದರೆ ತಾಣದ ಯಂತ್ರವೇ ಅದನ್ನು ಅಳಿಸಿಹಾಕುತ್ತದೆ. ಕಾರಣಕ್ಕೆ ಇಟ್ಟ ಹೆಸರು ಕಾಲಕಾಲಕ್ಕೆ ಬದಲಾಗಿದೆ. ಒಂದು ಕಾಲಕ್ಕೆ ‘ರಚನಾತ್ಮಕವಲ್ಲ’ ಎನ್ನುತ್ತಿದ್ದರು, 2013ರಲ್ಲಿ ‘ತೀರಾ ವಿಶಾಲ’ ಎಂದರು, 2019ರಲ್ಲಿ ‘ಇನ್ನಷ್ಟು ಸ್ಪಷ್ಟ ಗುರಿ ಬೇಕು’ ಎಂದಾಯಿತು. ಮಾತು ಮೆತ್ತಗಾಯಿತು, ನಡೆ ಹಾಗೆಯೇ ಉಳಿಯಿತು. ಮೂವರು ಸೇರಿ ಮುಚ್ಚಲು ಒಂದೆರಡು ನಿಮಿಷ ಸಾಕು. ತೆರೆಸಬೇಕಾದರೆ ಪ್ರಶ್ನೆಯನ್ನು ತಿದ್ದಿ ಬರೆಯಬೇಕು, ಅದು ಮತ್ತೆ ಪರಿಶೀಲನೆಯ ಸಾಲಿಗೆ ಬರಬೇಕು, ಮತ್ತೆ ಮೂವರು ಒಪ್ಪಬೇಕು. ಅಷ್ಟರಲ್ಲಿ ಕೇಳಿದ ಹೊಸಬರು ಮನಸ್ಸು ಮುರಿದುಕೊಂಡು ಹೋಗಿರುತ್ತಾರೆ.

ಮುಚ್ಚುವವರ ವಾದವನ್ನು ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ. ಯಾವ ಕಾವಲೂ ಇಲ್ಲದ ತಾಣ ಏನಾಗುತ್ತದೆ ಎಂಬುದಕ್ಕೆ ಯಾಹೂ ಆನ್ಸರ್ಸ್ ಸಾಕ್ಷಿ. 2005ರಲ್ಲಿ ಶುರುವಾದ ಅದು ಕಾಡುಹರಟೆಯಲ್ಲೇ ಹೆಸರು ಕಳೆದುಕೊಂಡು 2021ರಲ್ಲಿ ಮುಚ್ಚಿತು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ದುಡಿಯುವ ಮಾಡರೇಟರುಗಳಿಗೆ ಸಂಬಳವಿಲ್ಲ; ಬಂದು ಬೀಳುವ ಪ್ರಶ್ನೆಗಳ ರಾಶಿಗೆ ಹೋಲಿಸಿದರೆ ಅವರು ಬೆರಳೆಣಿಕೆಯ ಮಂದಿ. ವೋಟಿನ ಪದ್ಧತಿಯದೂ ಒಂದು ಕಾಟವಿದೆ. ವಿಶಾಲ ಪ್ರಶ್ನೆಗೆ ಮೊದಲು ಬಂದ, ನಗು ತರಿಸುವ, ಒಂದೇ ಸಾಲಿನ ಉತ್ತರ ಸರಸರನೆ ಮೇಲೇರುತ್ತದೆ. ಸಂಜೆಯಿಡೀ ಕೂತು ಯೋಚಿಸಿ ಬರೆದದ್ದು ಕೆಳಗೆ ಉಳಿಯುತ್ತದೆ. ಇದೆಲ್ಲ ನಿಜ. ಆದರೆ ಇವುಗಳಲ್ಲಿ ಯಾವುದು ಪ್ರಶ್ನೆಯ ತಪ್ಪು? ಕಳಪೆ ಉತ್ತರ ಬರೆದದ್ದು ಕೇಳಿದವರಲ್ಲ, ಅದನ್ನು ಮೇಲೇರಿಸಿದ ವೋಟೂ ಅವರದಲ್ಲ. ದಂಡ ಮಾತ್ರ ಅವರಿಗೆ.

ರೆಡಿಟ್‌ನ ಆಸ್ಕ್‌ಹಿಸ್ಟೋರಿಯನ್ಸ್ ಎಂಬ ಇತಿಹಾಸದ ಪ್ರಶ್ನೋತ್ತರ ಬಳಗ ಈ ತೊಂದರೆಯನ್ನು ಬೇರೆ ಬಗೆಯಲ್ಲಿ ನಿಭಾಯಿಸಿದೆ. ಅಲ್ಲಿಯೂ ಪ್ರಶ್ನೆಗೆ ಕಟ್ಟಳೆಗಳುಂಟು: ಕಳೆದ 20 ವರ್ಷಗಳ ಸಂಗತಿ ಕೇಳುವಂತಿಲ್ಲ, ಎಲ್ಲ ಕಾಲದ ಎಲ್ಲ ದೇಶದ ಪಟ್ಟಿ ಕೊಡಿ ಎನ್ನುವಂತಿಲ್ಲ. ಅದರಾಚೆಗೆ ಒಂದು ಸಾಮ್ರಾಜ್ಯ ಯಾಕೆ ಕುಸಿಯಿತು, ಒಂದು ಕಾಲದ ಬಡವರು ಹೇಗೆ ಬದುಕಿದರು ಎಂಬಂಥ ಅಗಾಧ ಪ್ರಶ್ನೆಗಳನ್ನು ಕೇಳಬಹುದು. ಬಿಗಿಯೆಲ್ಲ ಉತ್ತರಕ್ಕೆ. ಆಧಾರವೇನು ಎಂದರೆ ತೋರಿಸಲಾಗದ್ದು, ಆಳವಿಲ್ಲದ್ದು, ಬರಿಯ ತಮಾಷೆಯದ್ದು ಎಲ್ಲವನ್ನೂ ಮಾಡರೇಟರುಗಳು ಮುಲಾಜಿಲ್ಲದೆ ಅಳಿಸುತ್ತಾರೆ. ಎಷ್ಟೋ ಪ್ರಶ್ನೆಗಳ ಕೆಳಗೆ ಅಳಿಸಿದ ಉತ್ತರಗಳ ಗುರುತು ಬಿಟ್ಟರೆ ಏನೂ ಇರುವುದಿಲ್ಲ. ಆದರೂ ಪ್ರಶ್ನೆ ತೆರೆದೇ ಇರುತ್ತದೆ, ತಿಳಿದವರು ನಾಳೆ ಬಂದು ಬರೆಯಬಹುದು.

ಮ್ಯಾಥ್‌ಓವರ್‌ಫ್ಲೋ ಇನ್ನೂ ಹತ್ತಿರದ ಉದಾಹರಣೆ. 2009ರಲ್ಲಿ ಶುರುವಾಗಿ 2013ರಲ್ಲಿ ಸ್ಟ್ಯಾಕ್ ಓವರ್‌ಫ್ಲೋದ ಬಳಗವನ್ನೇ ಸೇರಿದ ಈ ತಾಣದಲ್ಲಿ ಸಂಶೋಧಕ ಗಣಿತಜ್ಞರು ಮಾತಾಡಿಕೊಳ್ಳುತ್ತಾರೆ. 2010ರಲ್ಲಿ ಅಲ್ಲಿ ಒಬ್ಬರು ಕೇಳಿದರು: ಗೌಸ್, ಆಯ್ಲರ್ ಅವರಂಥ ಪ್ರತಿಭೆ ಇಲ್ಲದ ಸಾಮಾನ್ಯರು ಗಣಿತಕ್ಕೆ ಏನು ತಾನೇ ಕೊಡಲು ಸಾಧ್ಯ? ಇದರಲ್ಲಿ ಸೂತ್ರವಿಲ್ಲ, ಲೆಕ್ಕವಿಲ್ಲ, ಸರಿ ಉತ್ತರ ಇಂಥದ್ದೇ ಎಂದು ತೋರಿಸುವ ದಾರಿಯೂ ಇಲ್ಲ. ಇಂಥದ್ದು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಅರ್ಧ ದಿನವೂ ಬದುಕುತ್ತಿರಲಿಲ್ಲ. ಮ್ಯಾಥ್‌ಓವರ್‌ಫ್ಲೋದಲ್ಲಿ ಅದಕ್ಕೆ ಉತ್ತರ ಬರೆದವರು ವಿಲಿಯಂ ಥರ್ಸ್ಟನ್, ಮೂರು ಆಯಾಮಗಳ ಜ್ಯಾಮಿತಿಯ ದಿಕ್ಕನ್ನೇ ಬದಲಿಸಿ 1982ರಲ್ಲಿ ಫೀಲ್ಡ್ಸ್ ಪದಕ ಪಡೆದವರು. ಗಣಿತದ ಫಲವೆಂದರೆ ಪ್ರಮೇಯಗಳ ರಾಶಿಯಲ್ಲ, ಮನುಷ್ಯರಲ್ಲಿ ಮೂಡುವ ಸ್ಪಷ್ಟತೆ ಮತ್ತು ತಿಳಿವಳಿಕೆ. ಅದು ಬದುಕಿರುವುದು ಅರಿವು ಒಬ್ಬರಿಂದೊಬ್ಬರಿಗೆ ಹರಿಯುವ ಜೀವಂತ ಸಮುದಾಯದಲ್ಲಿ ಎಂಬುದು ಆ ಉತ್ತರದ ತಿರುಳು. ಎರಡು ವರ್ಷಗಳಲ್ಲಿ, 2012ರಲ್ಲಿ, ಥರ್ಸ್ಟನ್ ತೀರಿಕೊಂಡರು. ಪ್ರಶ್ನೆಯೊಂದು ತೆರೆದಿದ್ದರಿಂದ ಆ ಮಾತು ಇವತ್ತು ಎಲ್ಲರಿಗೂ ಓದಲು ಸಿಗುತ್ತದೆ.

ಇದೇ ತಾಣದಲ್ಲಿ, ಗಣಿತ ಕಲಿಯುವ ಬುದ್ಧಿವಂತರಲ್ಲೂ ಇರುವ ತಪ್ಪು ನಂಬಿಕೆಗಳಿಗೆ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಉತ್ತರಗಳ ದೊಡ್ಡ ಸಾಲೇ ಬಂತು. ದಾರಿ ತಪ್ಪದಂತೆ ಅಲ್ಲಿ ಎರಡು ಕಟ್ಟುಪಾಡುಗಳಿವೆ: ಒಂದು ಉತ್ತರದಲ್ಲಿ ಒಂದೇ ಉದಾಹರಣೆ, ಮತ್ತು ಇಂಥ ಉತ್ತರಕ್ಕೆ ಅಂಕ ಇಲ್ಲ. ಅಂಕದ ಆಸೆ ಇಲ್ಲದ ಕಡೆ ಅಗ್ಗದ ಉತ್ತರ ತಾನಾಗಿ ಕಡಿಮೆಯಾಗುತ್ತದೆ.

ಸ್ಟ್ಯಾಕ್ ಓವರ್‌ಫ್ಲೋ ಮುಚ್ಚಿದ ಪ್ರಶ್ನೆಗಳಲ್ಲಿ ಏನೇನಿತ್ತು? ಪ್ರತಿ ಪ್ರೋಗ್ರಾಮರ್ ಓದಲೇಬೇಕಾದ ಪುಸ್ತಕ ಯಾವುದು ಎಂಬ ಪ್ರಶ್ನೆ, ಸಿ ಶಾರ್ಪ್, ಪೈಥಾನ್ ಭಾಷೆಗಳ ಮರೆಯಲ್ಲಿರುವ ಸೌಲಭ್ಯಗಳ ಪಟ್ಟಿ, ಉಚಿತವಾಗಿ ಸಿಗುವ ಪ್ರೋಗ್ರಾಮಿಂಗ್ ಪುಸ್ತಕಗಳ ಪಟ್ಟಿ. ಸಾವಿರಾರು ಮಂದಿಗೆ ನೆರವಾದ ಇವುಗಳಿಗೆ ‘ಐತಿಹಾಸಿಕ ಮಹತ್ವ’ದ ಚೀಟಿ ಅಂಟಿಸಿ, ಇದನ್ನು ನೋಡಿ ನೀವೂ ಹೀಗೆ ಕೇಳಬೇಡಿ ಎಂದು ಬರೆದು, ಬೀಗ ಹಾಕಿದರು. ಉಚಿತ ಪುಸ್ತಕಗಳ ಪಟ್ಟಿಯನ್ನು ಒಬ್ಬರು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹೊತ್ತುಕೊಂಡು ಹೋದರು. ಇವತ್ತು ಅದು ಗಿಟ್‌ಹಬ್‌ನ ಅತಿ ಜನಪ್ರಿಯ ಸಂಗ್ರಹಗಳಲ್ಲಿ ಒಂದು. ಹತ್ತಾರು ಭಾಷೆಗಳ ಜನ ಅದನ್ನು ಬೆಳೆಸುತ್ತಿದ್ದಾರೆ, ಕನ್ನಡದ ಕೋರ್ಸುಗಳಿಗೂ ಅದರಲ್ಲೊಂದು ಪುಟವಿದೆ. ಪಟ್ಟಿ ಬೆಳೆಸಲು ಗಿಟ್‌ಹಬ್ಬೇ ಸರಿಯಾದ ಜಾಗ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಅದು ಉಳಿದದ್ದು ಹೊತ್ತೊಯ್ಯುವ ಕೈ ಇದ್ದುದರಿಂದ. ಅಂಥ ಕೈ ಸಿಗದೆ ಅಳಿದುಹೋದವಕ್ಕೆ ಲೆಕ್ಕ ಇಟ್ಟವರಿಲ್ಲ.

ನನಗೆ ಹೆಚ್ಚು ನೋವು ಕೊಡುವುದು ಹೊಸಬರ ಪಾಡು. ಖಚಿತವಾದ ಪ್ರಶ್ನೆ ಕೇಳಬೇಕಾದರೆ ವಿಷಯ ಅರ್ಧ ಗೊತ್ತಿರಬೇಕು. ಯಾದಗಿರಿಯ ಕಾಲೇಜಿನಿಂದ ಈಗಷ್ಟೇ ಹೊರಬಂದ ಹುಡುಗಿ ‘ನನ್ನ ಆ್ಯಪ್‌ಗೆ ಯಾವ ಡೇಟಾಬೇಸ್ ಒಳ್ಳೆಯದು?’ ಎಂದು ಕೇಳಿದರೆ, ಅದು ವಿಶಾಲವಾಗಿರುವುದು ಅವಳ ಸೋಮಾರಿತನದಿಂದಲ್ಲ. ಯಾವುದರ ಮೇಲೆ ಆಯ್ಕೆ ನಿಂತಿದೆ ಎಂಬುದನ್ನು ಯಾರೂ ಅವಳಿಗೆ ಹೇಳಿಲ್ಲ, ಅಷ್ಟೇ. ಅನುಭವವುಳ್ಳವರು ಮೊದಲು ಮಾಡುವ ಕೆಲಸ ಎದುರು ಪ್ರಶ್ನೆ ಕೇಳುವುದು. ಎಷ್ಟು ಜನ ಬಳಸುತ್ತಾರೆ? ಓದುವುದು ಹೆಚ್ಚೋ, ಬರೆಯುವುದು ಹೆಚ್ಚೋ? ಹಣದ ವ್ಯವಹಾರ ಇದೆಯೇ? ಒಂದು ನಮೂದು ತಪ್ಪಿದರೆ ಏನಾಗುತ್ತದೆ? ಈ ನಾಲ್ಕು ಮಾತಿನಲ್ಲಿ ಅವಳು ಕಲಿಯುವುದು ಒಂದು ಡೇಟಾಬೇಸಿನ ಹೆಸರಿಗಿಂತ ಎಷ್ಟೋ ದೊಡ್ಡದು. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಕೂತವರಿಗೆ ಪಕ್ಕದ ಸೀಟಿನ ಸೀನಿಯರ್ ಇದನ್ನು ಕಾಫಿ ಕುಡಿಯುತ್ತ ಹೇಳಿಕೊಡುತ್ತಾರೆ. ಪಕ್ಕದ ಸೀಟು ಇಲ್ಲದವರಿಗಾಗಿಯೇ ಇಂಥ ತಾಣಗಳು ಇರಬೇಕಾದದ್ದು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋಗೆ ಬರುವ ಪ್ರಶ್ನೆಗಳು ತೀವ್ರವಾಗಿ ಕುಸಿದಿವೆ. ಇದಕ್ಕೆ ಕಾರಣಗಳು ಹಲವು. ಆದರೆ ಯಂತ್ರ ಯಾರಿಗೂ ‘ನಿನ್ನ ಪ್ರಶ್ನೆ ತೀರಾ ವಿಶಾಲ’ ಎಂದು ಬಾಗಿಲು ಹಾಕುವುದಿಲ್ಲ ಎಂಬುದೂ ಅವುಗಳಲ್ಲಿ ಸೇರಿದೆ ಎಂದು ನಾನು ನಂಬಿದ್ದೇನೆ. ಆದರೆ ಯಂತ್ರ ಕೊಡುವ ಉತ್ತರದ ಹಿಂದೆ ಹೊಣೆ ಹೊರುವ ಮನುಷ್ಯರಿಲ್ಲ. ತಪ್ಪಿದ್ದರೆ ಕೆಳಗೆ ಇನ್ನೊಬ್ಬರು ಬಂದು ತಿದ್ದುವುದಿಲ್ಲ, ಮುಂದಿನವರಿಗೆ ಅದು ಉಳಿಯುವುದೂ ಇಲ್ಲ.

ಪರಿಹಾರವನ್ನು ಹೊರಗೆ ಹುಡುಕಬೇಕಾಗಿಲ್ಲ. ಸ್ಟ್ಯಾಕ್ ಓವರ್‌ಫ್ಲೋ ನಡೆಸುವ ಸಂಸ್ಥೆಯೇ 2010ರಲ್ಲಿ ಒಂದು ಮಾರ್ಗಸೂಚಿ ಬರೆದಿತ್ತು. ಅಭಿಪ್ರಾಯ ಕೇಳುವ ಪ್ರಶ್ನೆಗಳಲ್ಲೂ ಒಳ್ಳೆಯವು ಇರುತ್ತವೆ, ಉತ್ತರ ಚುಟುಕಾಗಿರದೆ ಯಾಕೆ, ಹೇಗೆ ಎಂದು ವಿವರಿಸಬೇಕು, ಬರಿಯ ಅಭಿಪ್ರಾಯದ ಬದಲು ಸ್ವಂತ ಅನುಭವ ಹೇಳಬೇಕು, ಹೇಳಿದ್ದಕ್ಕೆ ಆಧಾರ ಕೊಡಬೇಕು ಎಂಬುದು ಅದರ ಸಾರ. ಇದನ್ನು ಉತ್ತರಗಳ ಮೇಲೆ ಕಟ್ಟುನಿಟ್ಟಾಗಿ ಹೇರಿದ್ದರೆ ಇಷ್ಟೊಂದು ಬೀಗ ಬೇಕಾಗುತ್ತಿರಲಿಲ್ಲ.

ಮುಚ್ಚುವ ವೋಟಿನ ಅಧಿಕಾರ ಇರುವ ಕನ್ನಡಿಗರು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ, ಹೊರದೇಶಗಳಲ್ಲಿ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ವಿಶಾಲ ಪ್ರಶ್ನೆ ಕಣ್ಣಿಗೆ ಬಿದ್ದಾಗ ಬಟನ್ ಒತ್ತುವ ಮೊದಲು ಅದರ ಕೆಳಗೆ ಒಂದು ಎದುರು ಪ್ರಶ್ನೆ ಬರೆಯಿರಿ, ಒಂದು ದಿನ ಕಾಯಿರಿ. ಕೇಳಿದವರು ಉತ್ತರಿಸದಿದ್ದರೆ ಆಮೇಲೆ ಮುಚ್ಚಿ.