‘ನಮ್ದೇ’ ಎಂಬ ಮಾತಿನ ಹೊಣೆ

ಕನ್ನಡ ವ್ಯಾಕರಣದಲ್ಲಿ ಅವಧಾರಣೆಯ ಏಕಾರವೆಂದು ಒಂದಿದೆ. ‘ಅವನು ಬಂದ’ ಎನ್ನುವುದಕ್ಕೂ ‘ಅವನೇ ಬಂದ’ ಎನ್ನುವುದಕ್ಕೂ ಇರುವ ಅಂತರ ಶಾಲೆಯ ಹುಡುಗರಿಗೂ ಗೊತ್ತು. ಒಂದು ಮಾತನ್ನು ಒತ್ತಿ ಹೇಳಬೇಕಾದಾಗ, ಅದರಲ್ಲೂ ಎದುರಿನವನಿಗೆ ಸಂಶಯವಿದೆಯೆಂದು ತೋರಿದಾಗ, ನಾವು ಈ ಏಕಾರವನ್ನು ಹಚ್ಚುತ್ತೇವೆ. ಮನೆಯ ಕಾಗದಪತ್ರ ಭದ್ರವಾಗಿರುವವನು ‘ಇದು ನಮ್ಮದು’ ಎಂದು ಹೇಳಿ ಸುಮ್ಮನಾಗುತ್ತಾನೆ. ವ್ಯಾಜ್ಯದಲ್ಲಿ ಸಿಕ್ಕಿದವನು ‘ಇದು ನಮ್ಮದೇ’ ಎಂದು ಕೂಗುತ್ತಾನೆ. ‘ಈ ಸಲ ಕಪ್ ನಮ್ದೇ’ ಎಂದು ಬೆಂಗಳೂರು ವರ್ಷ ವರ್ಷವೂ ಕೂಗಿದ್ದು ಇಂಥ ವ್ಯಾಜ್ಯದ ದನಿಯಲ್ಲಿಯೇ. 2024ರ ಮಾರ್ಚಿ ತಿಂಗಳಲ್ಲಿ ಊರಿನ ಮಹಿಳಾ ತಂಡ ಪ್ರಶಸ್ತಿ ಗೆದ್ದಾಗ, ಕನ್ನಡ ಮನೆಮಾತಲ್ಲದ ನಾಯಕಿ ಸ್ಮೃತಿ ಮಂಧಾನ ಈ ವಾಕ್ಯವನ್ನು ತಿದ್ದಿ ‘ಈ ಸಲ ಕಪ್ ನಮ್ದು’ ಎಂದರು. ಏಕಾರ ಕಳಚಿ ಬಿತ್ತು. ಇದಕ್ಕಿಂತ ಸಮರ್ಪಕವಾದ ತಿದ್ದುಪಡಿಯನ್ನು ವ್ಯಾಕರಣ ಪಂಡಿತರೂ ಮಾಡಲಾರರು.

ಆಟದ ಮಾತು ಸಾಹಿತ್ಯದ ಪುಟಕ್ಕೆ ಏಕೆ ಎಂದು ಓದುಗರು ಕೇಳಬಹುದು. ಒಂದು ಊರಿನ ಲಕ್ಷಾಂತರ ಜನ ಒಂದೇ ವಾಕ್ಯವನ್ನು ಇಷ್ಟು ಕಾಲ ನಾಲಿಗೆಯ ಮೇಲೆ ಇಟ್ಟುಕೊಂಡಿರುವಾಗ ಅದರ ಅರ್ಥವನ್ನು ತೂಗಿ ನೋಡುವುದು ವಿಮರ್ಶೆಯ ಕೆಲಸವೇ ಅಲ್ಲವೆ? ಹರಾಜಿನಲ್ಲಿ ಕೊಂಡ ತಂಡವೊಂದು ‘ನಮ್ಮದು’ ಆಗುವುದು ಹೇಗೆ, ಆದ ಮೇಲೆ ಆ ಮಾತಿನ ಹೊಣೆ ಯಾರದು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಇಪ್ಪತ್ತು ಓವರುಗಳ ಆಟ ಹುಟ್ಟಿದ್ದು 2003ರಲ್ಲಿ, ಇಂಗ್ಲೆಂಡಿನಲ್ಲಿ. ಸಂಜೆ ಕೆಲಸ ಮುಗಿಸಿದವರು ಬಂದು ನೋಡಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಲಿ ಎಂಬ ವ್ಯವಹಾರಬುದ್ಧಿ ಅದರ ಹಿಂದಿತ್ತು. ನಮ್ಮ ಕ್ರಿಕೆಟ್ ಮಂಡಳಿ ಮೊದಲು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 2007ರ ಸೆಪ್ಟೆಂಬರಿನಲ್ಲಿ ಭಾರತ ಜೋಹಾನ್ಸ್‌ಬರ್ಗಿನಲ್ಲಿ ಪಾಕಿಸ್ತಾನವನ್ನು 5 ರನ್ನುಗಳಿಂದ ಸೋಲಿಸಿ ವಿಶ್ವಕಪ್ ತಂದ ಮೇಲೆ ಗಾಳಿ ತಿರುಗಿತು. 2008ರ ಜನವರಿಯಲ್ಲಿ ಎಂಟು ಊರುಗಳ ತಂಡಗಳು ಬಿಕರಿಯಾದವು. ಒಟ್ಟು ಬೆಲೆ 72 ಕೋಟಿ ಡಾಲರುಗಳಿಗೂ ಮೀರಿತು; ಬೆಂಗಳೂರಿನ ತಂಡವೊಂದಕ್ಕೇ ಮದ್ಯದ ಉದ್ಯಮಿ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರ್ ಕೊಟ್ಟರು. ಮಾರಾಟವಾದ ದಿನ ಆ ತಂಡದಲ್ಲಿ ಆಟಗಾರರೇ ಇರಲಿಲ್ಲವೆಂಬುದನ್ನು ನೆನೆಯಬೇಕು. ಮೈದಾನವೂ ಕೊಂಡವರದಲ್ಲ. ಕೊಂಡದ್ದು ಒಂದು ಹಕ್ಕನ್ನು. ಆ ಹಕ್ಕಿನ ತಿರುಳು ಊರಿನ ಹೆಸರು. ಆಟಗಾರರ ಹರಾಜು ನಡೆದದ್ದು ಮರುತಿಂಗಳು.

‘ಹರಾಜು’ ಎಂದರೆ ನಮ್ಮ ಕಿವಿಗೆ ಸಾಲ ತೀರಿಸಲಾರದವನ ಮನೆಮುಂದಿನ ತಮಟೆಯ ನೆನಪಾಗುತ್ತದೆ. ಹಾಗಾಗಿ ಮನುಷ್ಯರನ್ನು ಕೂಗಿ ಕೊಳ್ಳುವುದೆಂದರೆ ಮೊದಮೊದಲು ಹಲವರಿಗೆ ಮುಜುಗರವಾಯಿತು. ಆದರೆ ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಲೇಬೇಕು. ಭಾರತ ತಂಡದ ಬಾಗಿಲು ತೆರೆಯದ ಎಷ್ಟೋ ಆಟಗಾರರಿಗೆ ಹಿಂದೆ ಬ್ಯಾಂಕಿನ, ರೈಲ್ವೆಯ ಗುಮಾಸ್ತಿಕೆಯೇ ಗತಿಯಾಗಿತ್ತು. ಅಂಥವರಿಗೆ ಈ ಹರಾಜು ಆಟವನ್ನೇ ಕಸುಬಾಗಿ ಮಾಡಿಕೊಟ್ಟಿತು. ಕಲಾವಿದನಿಗೆ ಹೊಟ್ಟೆ ತುಂಬಿದರೆ ಕಲೆ ಕೆಡುತ್ತದೆಂಬ ಮಾತನ್ನು ಹೊಟ್ಟೆ ತುಂಬಿದವರೇ ಆಡುವುದು.

ಇನ್ನು ಆಟದ ರೂಪದ ವಿಚಾರ. ಲೀಗಿನ ಮೊದಲ ಪಂದ್ಯ 2008ರ ಏಪ್ರಿಲ್ 18ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ನಡೆಯಿತು. ಕೋಲ್ಕತ್ತದ ಪರವಾಗಿ ಆಡಿದ ನ್ಯೂಜಿಲೆಂಡಿನ ಬ್ರೆಂಡನ್ ಮೆಕಲಮ್ 73 ಚೆಂಡುಗಳಲ್ಲಿ 158 ರನ್ ಹೊಡೆದರು. ರಾಹುಲ್ ದ್ರಾವಿಡರ ನಾಯಕತ್ವದ ಬೆಂಗಳೂರು 82ಕ್ಕೆ ಉದುರಿತು. ಅದರಲ್ಲಿ 19, ಯಾವ ದಾಂಡಿಗನೂ ಹೊಡೆಯದ ಇತರೆ ರನ್ನುಗಳು. ಅದೇ ದೊಡ್ಡ ಮೊತ್ತ! ಇದು ಕ್ರಿಕೆಟ್ಟಲ್ಲ, ಜಾತ್ರೆ ಎಂದು ಹಿರಿಯರು ತಲೆ ಕೊಡವಿದರು.

ಈ ಮಾತು ನಮಗೆ ಹೊಸದಲ್ಲ. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದಾಗ, ಇದು ನಾಟಕವೆ ಎಂದವರಿದ್ದರು. ಬೆಳತನಕ ನಡೆಯುತ್ತಿದ್ದ ಯಕ್ಷಗಾನ ಕಾಲಮಿತಿಯ ಪ್ರಯೋಗವಾಗಿ ಮೂರು ಗಂಟೆಗೆ ಇಳಿದಾಗ, ಇದು ಯಕ್ಷಗಾನವೆ ಎಂದವರೂ ಇದ್ದಾರೆ. ಕಾಲಮಿತಿಯ ಆಟದಲ್ಲಿ ಒಡ್ಡೋಲಗ ಮೊಟಕಾಗುತ್ತದೆ, ಅರ್ಥಗಾರಿಕೆಗೆ ಎಡೆ ಕಡಮೆಯಾಗುತ್ತದೆ, ನಿಜ. ಆದರೆ ಒಳ್ಳೆಯ ಕಲಾವಿದ ಅಲ್ಲಿಯೂ ಒಳ್ಳೆಯ ಕಲಾವಿದನೇ. ಮೊದಲ ಪಂದ್ಯ ನಡೆದು ಸರಿಯಾಗಿ ಒಂದು ವರ್ಷಕ್ಕೆ, 2009ರ ಏಪ್ರಿಲ್ 18ರಂದು, ಕೇಪ್‌ಟೌನಿನಲ್ಲಿ ಅನಿಲ್ ಕುಂಬ್ಳೆ ರಾಜಸ್ಥಾನದ ವಿರುದ್ಧ 5 ರನ್ ಕೊಟ್ಟು 5 ವಿಕೆಟ್ ಕಿತ್ತರು. ಐದು ದಿನಗಳ ಆಟದಲ್ಲಿ ಪಳಗಿದ ಕೈ ಇಪ್ಪತ್ನಾಲ್ಕು ಚೆಂಡುಗಳ ಗಡುವಿನಲ್ಲಿಯೂ ತನ್ನ ಮಾತನ್ನು ಪೂರ್ತಿಯಾಗಿ ಹೇಳಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಚಿಕ್ಕದಾಗಿರುವುದು ದೋಷವಲ್ಲ. ದೋಷವಿರುವುದು ಬಿಡುವಿಲ್ಲದಿರುವುದರಲ್ಲಿ. ಚೆಂಡಿಗೂ ಚೆಂಡಿಗೂ ನಡುವಿನ ಮೌನವನ್ನು ಧ್ವನಿವರ್ಧಕ ತುಂಬುತ್ತದೆ. ಓವರಿಗೂ ಓವರಿಗೂ ನಡುವಿನ ಎಡೆಯನ್ನು ಜಾಹೀರಾತು ತುಂಬುತ್ತದೆ. ಅದೂ ಸಾಲದೆ 2009ರಿಂದ ಆಟವನ್ನೇ ನಿಲ್ಲಿಸಿ ವಿರಾಮವೆಂಬ ಹೆಸರಿನಲ್ಲಿ ಇನ್ನಷ್ಟು ಜಾಹೀರಾತಿಗೆ ದಾರಿ ಮಾಡಿದ್ದಾರೆ. ಅದ್ಭುತರಸಕ್ಕೆ ಹಿನ್ನೆಲೆಯಾಗಿ ಸಾಮಾನ್ಯವಾದದ್ದು ಬೇಕು. 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದ್ 287, ಬೆಂಗಳೂರು 262 ರನ್ ಹೊಡೆದವು. ಒಂದೇ ರಾತ್ರಿ 38 ಸಿಕ್ಸರುಗಳು. ಹತ್ತನೆಯದಕ್ಕೆ ಎದ್ದು ನಿಂತವನು ಮೂವತ್ತನೆಯದಕ್ಕೆ ಕಡಲೆಕಾಯಿ ಸುಲಿಯುತ್ತಿದ್ದರೆ ಅವನ ತಪ್ಪಲ್ಲ.

ಹಾಗಾದರೆ ಜನ ಏತಕ್ಕೆ ಬರುತ್ತಾರೆ? ಇಲ್ಲಿಗೆ ನಮ್ಮ ಮೊದಲ ಪ್ರಶ್ನೆ ಮರಳಿ ಬರುತ್ತದೆ. 1974ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕ, ಹದಿನೈದು ವರ್ಷ ಸಾಲಾಗಿ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ಮಣಿಸಿ, ಮುಂದೆ ಟ್ರೋಫಿಯನ್ನೂ ಗೆದ್ದಿತು. ಪ್ರಸನ್ನ, ಚಂದ್ರಶೇಖರ್, ಭದ್ರಾವತಿಯ ವಿಶ್ವನಾಥ್, ಬ್ರಿಜೇಶ್ ಪಟೇಲ್: ಅಂದು ‘ನಮ್ಮವರು’ ಎನ್ನಲು ಏಕಾರದ ಅಗತ್ಯವಿರಲಿಲ್ಲ. ಅದೇ ಕರ್ನಾಟಕ 2013-14, 2014-15ರಲ್ಲಿ ಎರಡು ವರ್ಷ ಸಾಲಾಗಿ ರಣಜಿ, ಇರಾನಿ, ವಿಜಯ್ ಹಜಾರೆ ಪ್ರಶಸ್ತಿಗಳು ಮೂರನ್ನೂ ತಂದಿತು. ಬೀದಿಗಿಳಿದು ಕುಣಿದವರು ಯಾರು? 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿದ ಬೆಂಗಳೂರು ತಂಡದ ನಾಯಕ ಮಧ್ಯಪ್ರದೇಶದವರು. ಅಂದು ಆಡಿದವರಲ್ಲಿ ಕರ್ನಾಟಕದ ಆಟಗಾರ ಮಯಂಕ್ ಅಗರ್ವಾಲ್ ಒಬ್ಬರೇ. ಆದರೂ ಊರು ರಾತ್ರಿಯೆಲ್ಲ ನಿದ್ದೆಗೆಟ್ಟಿತು.

ಇದೆಲ್ಲ ಜಾಹೀರಾತಿನ ಮಾಯೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಜಾಹೀರಾತು ಗೆಲುವನ್ನು ಮಾರಬಲ್ಲದು, ಸೋಲನ್ನು ಮಾರಲಾರದು. ಈ ತಂಡ 2009, 2011, 2016ರಲ್ಲಿ ಕೊನೆಯ ಪಂದ್ಯದವರೆಗೆ ಹೋಗಿ ಸೋತಿತು. 2017ರಲ್ಲಿ ಕೋಲ್ಕತ್ತದಲ್ಲಿ 49 ರನ್ನಿಗೆ ಮುಗಿದುಹೋಯಿತು. ನೆರೆಯೂರಿನವರು ನಕ್ಕರು, ನಾವೂ ನಮ್ಮನ್ನು ನೋಡಿ ನಕ್ಕೆವು. ಹದಿನೇಳು ಸಲ ಬರಿಗೈಯಲ್ಲಿ ಬಂದ ತಂಡವನ್ನು ಹದಿನೆಂಟನೆಯ ಸಲವೂ ‘ನಮ್ದೇ’ ಎಂದು ಕರೆದದ್ದು ಕೊಂಡವರ ಹಣವಲ್ಲ, ಕಾದವರ ತಾಳ್ಮೆ. ಅತ್ತ ವಿರಾಟ್ ಕೋಹ್ಲಿ ದೆಹಲಿಯಿಂದ ಬಂದು ಹದಿನೆಂಟು ವರ್ಷ ಒಂದೇ ತಂಡದಲ್ಲಿ ಉಳಿದರು. ಇತ್ತ ಪ್ರೇಕ್ಷಕರೂ ಉಳಿದರು. ಹರಾಜಿನ ಸರಕಾಗಿ ಬಂದದ್ದು ಒಟ್ಟಿಗೆ ಸೋತು ಸೋತು ಮನೆಯ ಮಗುವಾಯಿತು.

ಇನ್ನೊಂದು ಮಾತೂ ಉಂಟು. ಇಂದಿನ ಬೆಂಗಳೂರು ಬಂದವರ ಊರು. ಬೀದರಿನಿಂದ ಬಂದವರಿದ್ದಾರೆ, ಬಿಹಾರದಿಂದ ಬಂದವರಿದ್ದಾರೆ. ವರ್ಷಗಟ್ಟಲೆ ಇದ್ದೂ ಕನ್ನಡ ಕಲಿಯದವರ ಮೇಲೆ ನಮಗೆ ಅಸಮಾಧಾನವಿರುವುದು ಸಹಜ. ಅಂಥವರಲ್ಲಿ ಅನೇಕರು ತಡವರಿಸದೆ ಆಡುವ ಮೊದಲ ಕನ್ನಡ ವಾಕ್ಯ ಇದೇ ‘ಈ ಸಲ ಕಪ್ ನಮ್ದೇ’. ಗ್ರಾಂಥಿಕವಲ್ಲದ, ಅರ್ಧ ಇಂಗ್ಲಿಷ್ ಬೆರೆತ, ಬೀದಿಯ ಕನ್ನಡ, ಆದರೂ ಕನ್ನಡ. ಆ ‘ನಮ್ದೇ’ಯೊಳಗೆ ಹೇಳಿದವನೂ ಸೇರಿಕೊಳ್ಳುತ್ತಾನೆ. ಊರಿನ ಹೆಸರು ಅಧಿಕೃತವಾಗಿ ಬೆಂಗಳೂರಾದದ್ದು 2014ರಲ್ಲಿ. ತಂಡ ತನ್ನ ಹೆಸರನ್ನು ತಿದ್ದಿಕೊಂಡದ್ದು 2024ರಲ್ಲಿ. ಆ ತಿದ್ದುಪಡಿಗೆ ಹತ್ತು ವರ್ಷ ಬೇಕಾಯಿತು. ಜನ ಅಷ್ಟು ಕಾಲ ಕಾಯಲಿಲ್ಲ.

ಗೆದ್ದ ಮರುದಿನ, 2025ರ ಜೂನ್ 4ರಂದು, ಆ ಜನ ಕಪ್ಪನ್ನು ಕಣ್ಣಾರೆ ನೋಡಲು ಬಂದರು. ವಿಧಾನಸೌಧದಲ್ಲಿ ಒಂದು ಸನ್ಮಾನ, ಕ್ರೀಡಾಂಗಣದಲ್ಲಿ ಇನ್ನೊಂದು. ಎಲ್ಲವೂ ಕೆಲವೇ ಗಂಟೆಗಳ ಸಿದ್ಧತೆಯಲ್ಲಿ. ಕ್ರೀಡಾಂಗಣ ಹಿಡಿಸಬಲ್ಲದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಬಾಗಿಲುಗಳ ಮುಂದೆ ನೆರೆದರು. ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಬಹುಪಾಲು ಎಳೆಯರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹೊರಗೆ ಸಾವು ನಡೆದಿರುವಾಗ ಒಳಗೆ ಸಂಭ್ರಮ ನಡೆದಿತ್ತು. ಆಮೇಲೆ ಸರ್ಕಾರ, ಪೊಲೀಸರು, ತಂಡದ ಒಡೆಯರು, ಕ್ರಿಕೆಟ್ ಸಂಸ್ಥೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಹಿಂದಿನ ದಿನ ಕಪ್ಪನ್ನು ‘ನಮ್ಮದು’ ಎಂದವರಲ್ಲಿ ಯಾರೂ ಆ ಹನ್ನೊಂದು ಹೆಣಗಳನ್ನು ‘ನಮ್ಮವು’ ಎನ್ನಲು ಮುಂದೆ ಬರಲಿಲ್ಲ. ಪರಿಹಾರದ ಹಣ ಬಂತು. ಹಣವನ್ನು ಯಾರು ಬೇಕಾದರೂ ಕೊಡಬಹುದು. ನಂಟನ್ನು ಒಪ್ಪಿಕೊಳ್ಳುವುದು ಬೇರೆ.

ಈ ಲೀಗಿನ ವಿಮರ್ಶೆ ನಿಲ್ಲಬೇಕಾದದ್ದು ಇಲ್ಲಿ ಎಂದು ನನಗೆ ತೋರುತ್ತದೆ. ಹಳೆಯ ಕ್ರಿಕೆಟ್ಟಿಗಾಗಿ ಕಣ್ಣೀರಿಟ್ಟು ಫಲವಿಲ್ಲ. ಹೊಸ ಆಟದಲ್ಲಿಯೂ ಸೊಗಸಿದೆ, ಹೊಸಬರಿಗೆ ಅನ್ನವಿದೆ. 2022ರಲ್ಲಿ ಐದು ವರ್ಷಗಳ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗಳಿಗೆ ಮಾರಾಟವಾಯಿತು. ಇಷ್ಟು ಹಣಕ್ಕೆ ಮಾರಿದ ವಸ್ತು ಯಾವುದು? ಸಿಕ್ಸರುಗಳಲ್ಲ, ಅವು ಎಲ್ಲಿಯೂ ಸಿಕ್ಕುತ್ತವೆ. ಮಾರಾಟವಾದದ್ದು ಕೋಟ್ಯಂತರ ಜನ ಪ್ರತಿಸಂಜೆ ತಪ್ಪದೆ ಬಂದು ಕೂಡುತ್ತಾರೆಂಬ ಭರವಸೆ, ಎಂದರೆ ಅವರ ‘ನಮ್ದೇ’. ಅದನ್ನು ಕೊಟ್ಟವರು ಬೆಲೆ ಕೇಳಲಿಲ್ಲ. ಆದರೆ ಯಾರಿಂದ ಪಡೆದದ್ದೋ ಅವರು ಬಾಗಿಲಿಗೆ ಬಂದಾಗ ಯಾವ ಬಾಗಿಲು ತೆರೆದಿದೆ, ಒಳಗೆ ಎಷ್ಟು ಜಾಗವಿದೆ, ಬಿದ್ದವನನ್ನು ಎತ್ತುವವರು ಯಾರು ಎಂದು ಯೋಚಿಸುವಷ್ಟು ಋಣವೂ ಇಲ್ಲದಿದ್ದರೆ ಊರಿನ ಹೆಸರನ್ನು ಎದೆಯ ಮೇಲೆ ಧರಿಸುವ ಅಧಿಕಾರ ಯಾವ ಹರಾಜಿನಿಂದಲೂ ಬರುವುದಿಲ್ಲ.

ಜನರು ಕಪ್ಪನ್ನು ನಮ್ಮದೆಂದರು. ಜನರನ್ನು ನಮ್ಮವರೆನ್ನುವ ಸರದಿ ಕಪ್ಪಿನ ಒಡೆಯರದು, ಊರಿನ ಆಳುವವರದು. ಆ ಮಾತಿನ ಮೇಲೆ ಮಾತ್ರ ಏಕಾರ ಬೇಕು.