ಪಾದ್ರಿಗಳ ಕೈಹೊತ್ತಿಗೆ

ಶಿಕಾರಿಪುರ ಸೀಮೆಯ ಬಂದಳಿಕೆಯ ಶಾಸನಗಳು ಒಟ್ಟಾಗಿ ನಮ್ಮ ಕೈಸೇರಿದ್ದು ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಿಂದ. ಗಂಡ ತೀರಿದ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿ, ಕೊನೆಗೆ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹಬಿಟ್ಟ ಜಕ್ಕಿಯಬ್ಬೆಯ ಹೆಸರು ನಮಗೆ ದಕ್ಕಿದ್ದು ಹಾಗೆ. ರೈಸರ ತಂದೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿ. ಇಷ್ಟು ಹೇಳಿ, ಕಿಟೆಲ್ಲರ ನಿಘಂಟಿಗೂ ಒಂದು ನಮಸ್ಕಾರ ಹಾಕಿ, ‘ಪಾದ್ರಿಗಳ ಕನ್ನಡ ಸೇವೆ’ಯ ಲೇಖನವನ್ನು ಮುಗಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಪಾದ್ರಿಗಳು ಕಡಲು ದಾಟಿ ಬಂದದ್ದು ಇದಕ್ಕಲ್ಲವಷ್ಟೆ! ಅವರು ಘಟ್ಟ ಹತ್ತಿ ಹಂಚಿದ ಕೈಹೊತ್ತಿಗೆಗಳನ್ನು ಸಾಹಿತ್ಯವೆಂದು ಓದಿ ಬೆಲೆಕಟ್ಟಿದವರು ವಿರಳ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು 1841ರಲ್ಲಿ ಅಚ್ಚುಕೂಟ ತೆರೆಯಿತು. 1853ರಲ್ಲಿ ಮೋಗ್ಲಿಂಗರು ಕೊಡಗಿನ ಬೆಟ್ಟಗಳಿಗೆ ಹೋದರು. ಮಿಷನ್ನಿನ ಹೊತ್ತಿಗೆಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ‘ಹೃದಯ ದರ್ಪಣ’. ಗಾಸ್ನರ್ ಎಂಬ ಜರ್ಮನ್ ಪಾದ್ರಿಯ ಚಿತ್ರಪುಸ್ತಕ ಇದರ ಮೂಲ. ಪಾಪಿಯ ಹೃದಯದೊಳಗೆ ಏಳು ಪ್ರಾಣಿಗಳು: ನವಿಲು ಗರ್ವ, ಹೋತ ಕಾಮ, ಹಂದಿ ಹೊಟ್ಟೆಬಾಕತನ, ಹಾವು ಮತ್ಸರ, ಹುಲಿ ಕೋಪ, ಕಪ್ಪೆ ಲೋಭ, ಆಮೆ ಸೋಮಾರಿತನ. ಅಕ್ಷರ ಬಾರದವನಿಗೂ ಮುಟ್ಟಲೆಂಬ ಉಪಾಯ ಜಾಣತನದ್ದೇ.

ಆದರೆ ಇದನ್ನು ಕೊಡಗಿನ ಒಂದು ಐನ್‌ಮನೆಯ ಜಗಲಿಯಲ್ಲಿ ಬಿಚ್ಚಿದರೆನ್ನಿ. ಹುಲಿ ಹೊಡೆದವನನ್ನು ಮದುವೆಯ ಗಂಡಿನಂತೆ ಕೂರಿಸಿ ‘ನರಿ ಮಂಗಲ’ ಮಾಡುತ್ತಿದ್ದ ಸೀಮೆ ಅದು. (ಕೊಡವರ ಮಾತಿನಲ್ಲಿ ನರಿಯೆಂದರೆ ಹುಲಿ.) ಹಂದಿ ಅಲ್ಲಿ ಹಬ್ಬದ ಅಡಿಗೆ. ಹಾವಿಗೆ ಘಟ್ಟದ ಮೇಲೂ ಕೆಳಗೂ ಹಾಲೆರೆಯುತ್ತಾರೆ. ನವಿಲು ಸುಬ್ರಹ್ಮಣ್ಯನ ವಾಹನ, ಆಮೆ ವಿಷ್ಣುವಿನ ಅವತಾರ. ತನ್ನ ಹೃದಯದಲ್ಲಿ ಇಷ್ಟು ದೈವಗಳಿವೆಯೇ ಎಂದು ನೋಡಿದವನು ಹಿಗ್ಗಿದರೆ ತಪ್ಪು ಯಾರದು? ಕೇಳುವವನ ಮನೆ ಹೊಕ್ಕು ನೋಡದೆ ಆಯ್ದ ದೃಷ್ಟಾಂತ ಇದು. ಕೈಹೊತ್ತಿಗೆಯ ಸಾಹಿತ್ಯ ಸೋತದ್ದು ಇಲ್ಲಿಯೇ ಎಂದು ನನ್ನ ಎಣಿಕೆ.

ಪಾದ್ರಿಗಳೇ ಇದನ್ನು ಅರಿತರೆಂದು ತೋರುತ್ತದೆ. ಮೋಗ್ಲಿಂಗರು ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ್ದು, ಕಿಟೆಲ್ಲರು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ದೇಶೀಯ ಧಾಟಿಗೆ ತಂದದ್ದು, 1894ರ ನಿಘಂಟಿನಲ್ಲಿ ಗಾದೆಗಳನ್ನು ತುಂಬಿದ್ದು, ಎಲ್ಲವೂ ನಮ್ಮ ಮನೆ ಹೊಕ್ಕು ನೋಡುವ ಹವಣಿಕೆ. ನಿಘಂಟು ಆ ಬಡ ಕೈಹೊತ್ತಿಗೆಯ ಮಗು. ತಾಯಿಯನ್ನು ಹೊರಗೆ ನಿಲ್ಲಿಸಿ ಮಗುವನ್ನಷ್ಟೇ ಎತ್ತಿಕೊಳ್ಳುವ ನಮ್ಮ ಸಾಹಿತ್ಯ ಚರಿತ್ರೆ ನನಗೆ ಒಪ್ಪಿಗೆಯಿಲ್ಲ.

ಇನ್ನೊಬ್ಬ ಓದುಗನೂ ಉಂಟು. ಜೀತಕ್ಕೆ ಬಿದ್ದಿದ್ದ ಹೊಲೆಯರಿಗಾಗಿ ಮೋಗ್ಲಿಂಗರು ಕೊಡಗಿನಲ್ಲಿ ಆನಂದಪುರವೆಂಬ ನೆಲೆ ಕಟ್ಟಿದರು. ನಮ್ಮ ಅಗ್ರಹಾರಗಳು ಅವರಿಗೆ ಒಂದು ಓಲೆಗರಿಯನ್ನೂ ನೀಡಿರಲಿಲ್ಲ. ಕೈಹೊತ್ತಿಗೆಯ ಗದ್ಯ ಎಷ್ಟೇ ತೊಡಕಿನದಾಗಲಿ, ಅದು ಅವರ ಕೈಗೆಂದೇ ಬಂದಿತ್ತು. ಅಲ್ಲಿ ಯಾರಾದರೂ ಆ ಚಿತ್ರವನ್ನು ಬಿಡಿಸಿ ನೋಡಿದ್ದರೆ, ನವಿಲು ಹಾವುಗಳ ಮಾತು ಹೇಗೋ ತಿಳಿಯದು. ಹುಲಿಯನ್ನು ಕಂಡು ಮಾತ್ರ ತಮ್ಮ ಹೃದಯಕ್ಕಿಂತ ಮೊದಲು ಧಣಿಯನ್ನು ನೆನೆದಿರಬೇಕು.